ಒಂದೇ ಜೋಡಿ ಎರಡು ಸಲ

೮ ಮೇ ೧೯೮೯, ಸೋಮವಾರ

ಮಾನ್ವಿ ಬಸ್ಸು ಇವತ್ತೂ ಲೇಟು. ರಾಯಚೂರು ಆಫೀಸಿಗೆ ಬಂದರೆ ನನ್ನ ಚೀಟಿಗಳ ಪೆಟ್ಟಿಗೆ ಮೂಲೆ ಸೇರಿದೆ. ಮಾಸ್ತರರ ಪರಸ್ಪರ ವರ್ಗಾವಣೆ—ಹನ್ನೊಂದು ವರ್ಷ ನಾನೇ ಜೋಡಿಸಿದ್ದು. ಒಬ್ಬರಿಗೊಂದು ಚೀಟಿ: ಇರುವ ಊರು, ಬೇಕಾದ ಊರು. ನೆಲಕ್ಕೆ ಹರವಿ, ಅದಲುಬದಲು ಕೂಡಿದ ಇಬ್ಬರಿಗೆ ಒಂದು ಜಾಲಿಮುಳ್ಳು ಚುಚ್ಚುವುದು. ಈ ಸಲ ಅದೆಲ್ಲ ಕಂಪ್ಯೂಟರಿಗೆ. ಅಂದರೆ ಹೊಸಬ ಜಿಲಾನಿ ಪಾಷಾನಿಗೆ. ಮೀಸೆ ಇನ್ನೂ ನೆಟ್ಟಗೆ ಮೂಡಿಲ್ಲ, ಸಾಹೇಬರ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಕುರ್ಚಿ! ಹೊಟ್ಟೆಕಿಚ್ಚೇ. ಹೌದು.

೧೦ ಮೇ

ಹುಲಗೆಮ್ಮ ರಜೆಗೆ ಮನೆಗೆ ಬಂದಳು. ಆರು ವರ್ಷದಿಂದ ಹೆಂಡತಿ ದೇವದುರ್ಗದ ಶಾಲೆಯಲ್ಲಿ, ನಾನು ಮಾನ್ವಿಯಲ್ಲಿ. ಎರಡು ಸಲ ಅವಳ ಚೀಟಿಗೆ ಜೋಡಿ ಹುಡುಕಿದೆ, ಸಿಗಲಿಲ್ಲ.

"ಈ ಸಲ ಅರ್ಜಿ ಹಾಕಂಗಿಲ್ಲ ಬಿಡ್ರಿ. ಸಾಕಾಗ್ಯದ," ಅಂದಳು.

೧೨ ಮೇ, ಮಧ್ಯಾಹ್ನ

ಇಣುಕಿದೆ. ಜಿಲಾನಿ ಎಸ್‌ಕ್ಯೂಎಲ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಒಂದೇ ಟೇಬಲ್ಲಿನ, ಅಂದರೆ ಅರ್ಜಿಗಳ ಪಟ್ಟಿಯ, ಹೆಸರು ಎರಡು ಸಲ ಬರೆದಿದ್ದ. ಒಳಗೊಳಗೇ ನಕ್ಕೆ.

"ಯಾಕಪಾ, ಎರಡ್ ಸಲ?"

"ಟೇಬಲ್ ಒಂದ ಅದ ರೀ, ಸುಂಕಪ್ಪ ಸಾರ್. ಅದಕ್ಕ 'ಎ' ಅಂತೊಂದು, 'ಬಿ' ಅಂತೊಂದು ಹೆಸರಿಟ್ಟೀನಿ. ನೀವು ಎರಡೂ ಕೈಯಾಗ ಒಂದೊಂದು ಚೀಟಿ ಹಿಡೀತೀರಲ್ಲ, ಹಂಗ. ಎ ಇರೋ ಊರು ಬಿ ಕೇಳಬೇಕು, ಬಿ ಇರೋ ಊರು ಎ ಕೇಳಬೇಕು."

ನನ್ನ ಕೈಯನ್ನೇ ಕದ್ದಿದ್ದಾನೆ, ಕಳ್ಳ! ಊಟ ಸೇರಲಿಲ್ಲ.

೧೫ ಮೇ

ಪಟ್ಟಿ ಬಂತು. ಹೆಸರಿಲ್ಲ—ಬರೇ ಅರ್ಜಿ ನಂಬರು, ಊರು. ನಲವತ್ತು ಸಾಲು. ಸಾಹೇಬರು ಅವನ ಬೆನ್ನು ತಟ್ಟಿದರು. ಹನ್ನೊಂದು ವರ್ಷ ನನಗೆ ಬೆನ್ನೇ ಇರಲಿಲ್ಲವೇ?

ಮಧ್ಯಾಹ್ನ ಅವನು ತಂಗಿಯ ನಿಕಾಹ್‌ಗೆಂದು ಸಿರವಾರಕ್ಕೆ ಹೋದ. ಬೆರಳಿಟ್ಟು ಓದಿದೆ. ೭ ಮತ್ತು ೫೨, ಮಾನ್ವಿ–ದೇವದುರ್ಗ. ಯಾರ ಪುಣ್ಯವೋ! ಹುಲಗೆಮ್ಮ ಈ ಸಲ ಅರ್ಜಿಯನ್ನೇ ಹಾಕಿಲ್ಲವಲ್ಲ. ಕೆಳಗೆ ಮತ್ತೆ ೫೨ ಮತ್ತು ೭. ಎಲ್ಲ ಜೋಡಿಯೂ ಹೀಗೇ, ತಿರುವುಮುರುವಾಗಿ ಎರಡು ಸಲ. ಇಪ್ಪತ್ತು ಸಾಲು ಹೊಡೆದುಹಾಕಿದರೆ ಪಟ್ಟಿ ಸರಿಯಾಗುತ್ತಿತ್ತು. ಗೊತ್ತಿತ್ತು. ಹೇಳಲಿಲ್ಲ.

"ನೋಡ್ರಿ ಸಾಹೇಬ್ರ, ಇಪ್ಪತ್ತು ಜೋಡೀನ ನಲವತ್ತು ಅಂತದ ಈ ಮಷೀನು. ಇದಕ್ಕ ಸಹಿ ಮಾಡ್ತೀರೇನ್ರಿ?"

ಪಟ್ಟಿ ಮೇಲಿನ ಆಫೀಸಿಗೆ ಕಳಿಸಲು ಇವತ್ತೇ ಕಡೇ ದಿನ. ಹನುಮಂತ್ರಾಯ ಸಾಹೇಬರು ಹೆದರಿದರು. "ಈ ವರ್ಷ ಯಾವ ಜೋಡೀನೂ ಇಲ್ಲ ಅಂತ ಬರ್ದು ಕಳಸ್ರಿ."

ನನ್ನ ಕೈಯಿಂದಲೇ ಬರೆದೆ. ಸ್ಟೇಷನ್ ಹತ್ತಿರ ಎರಡು ಪ್ಲೇಟ್ ಮಿರ್ಚಿ ತಿಂದೆ.

೧೯ ಮೇ

ಜಿಲಾನಿ ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದೆ. ಮದುವೆಯ ಸಿಹಿ ತಂದಿದ್ದ.

"ತಪ್ಪು ನಂದ ರೀ. ಎ ನಂಬರು ಬಿ ನಂಬರಿಗಿಂತ ಸಣ್ಣದಿರಬೇಕು ಅಂತ ಇನ್ನೊಂದು ಸಾಲು ಹಾಕಿದ್ರ, ಒಂದೊಂದ ಸಲ ಬರ್ತಿತ್ತು." ಆಮೇಲೆ ಮೆಲ್ಲಗೆ, "ಹುಲಗೆಮ್ಮ ಟೀಚರ್‌ಗೆ ಏನ್ ಹೇಳ್ಲಿ ರೀ? ಅರ್ಜಿ ಕೊಡಮುಂದ 'ಜೋಡಿ ಸಿಕ್ಕಮ್ಯಾಲೆ ನಾನ ಮನ್ಯಾಗ ಹೇಳ್ತೀನಿ, ನೀ ಸುಮ್ಮನಿರಪಾ' ಅಂದಿದ್ರು. ಐವತ್ತೆರಡು ಅವರದ."

ನನ್ನ ಬಾಯಿಗೆ ಮಣ್ಣು ಬೀಳಲಿ. ಬೆರಳಿಟ್ಟು ಓದಿದ್ದೆ. ಎರಡು ಸಲ.

೩೧ ಮೇ

ನಾಳೆ ಶಾಲೆ ಶುರು. ಹುಲಗೆಮ್ಮ ಟ್ರಂಕು ತುಂಬಿದ್ದಾಳೆ.

"ಈ ಸಲಾನೂ ನನಗ ಜೋಡಿ ಸಿಗಲಿಲ್ಲ ಅಲ್ಲೇನ್ರಿ?" ಕೇಳಿಯೇಬಿಟ್ಟಳು. ಅರ್ಜಿ ಹಾಕಿದ್ದು ಯಾಕೆ ಮುಚ್ಚಿಟ್ಟೆ ಎಂದು ನಾನು ಕೇಳಿದರೆ, "ಮೂರನೇ ಸಲ ಹುಡುಕಿ ನೀವು ಮಾರಿ ಸಣ್ಣ ಮಾಡ್ಕೋಬಾರ್ದು ಅಂತ."

ದೇವದುರ್ಗದ ಬಸ್ಸಿಗೆ ಅರ್ಧ ಗಂಟೆ ಇದೆ. ಹೇಳಿಬಿಡಬೇಕು. ಸಿಕ್ಕಿತ್ತು ಹುಲಗೆಮ್ಮಾ, ಸಿಕ್ಕಿತ್ತು, ನಾನೇ… ಟ್ರಂಕು ಎತ್ತಲು ಕರೆಯುತ್ತಿದ್ದಾಳೆ. ಹೋಗಿ ಮೊದಲು—