ಅಟ್ಟದ ಕಾಯಿಯ ಸದ್ದು

ಬೆಂಗಳೂರು, ಬುಧವಾರ

ಅಪ್ಪಾಜಿಗೆ ಭಾನುವಿನ ಶರಣು.

ಫೋನ್ ಮಾಡಿದರೆ ನೀವು "ಊಟ ಆಯ್ತೇನಮ್ಮ" ಎಂದು ಕೇಳಿ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಹಾಡಿನ ವಿಡಿಯೋ ತೆಗೆಯಲು ನಮ್ಮ ಅಟ್ಟ ಬೇಕು, ತೆಂಗಿನಕಾಯಿ ಇಳಿಸಿ ಖಾಲಿ ಮಾಡಿಕೊಡಿ ಎಂದು ಕಳೆದ ವಾರ ಅರಳಗುಪ್ಪೆಗೆ ಬಂದು ಕೇಳಿದೆ. ನೀವು ನಾಲ್ಕಾರು ಕಾಯಿ ಅಲ್ಲಾಡಿಸಿ, "ಇನ್ನೂ ಒಣಗಿಲ್ಲ ಕಣಮ್ಮ, ಇಳ್ಸಕಾಗಲ್ಲ" ಎಂದಿರಿ. ನಾನು ಕ್ಯಾಮೆರಾ ಹಿಡಿದು ಓಡಾಡುವುದರಲ್ಲೇ ಇದ್ದೆ. "ಒಂದ್ ಕಡೆ ನಿಂತ್ಕೊಳ್ಳೇ" ಎಂದು ಅಮ್ಮ ಬೈಯುತ್ತಿದ್ದಳಲ್ಲ, ನಿಲ್ಲದಿರುವುದೇ ಈಗ ನನ್ನ ಕಸುಬು. ನನ್ನ ಯಾವ ಶಾಟೂ ಎರಡು ಸೆಕೆಂಡು ದಾಟುವುದಿಲ್ಲ.

ಇವತ್ತು ಎಡಿಟಿಂಗ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಅವತ್ತು ಅಟ್ಟದಲ್ಲಿ ತೆಗೆದದ್ದನ್ನು ನೋಡಿದೆ. ಕಾಯಿ ಒಣಗಿ ಕೊಬ್ಬರಿಯಾದರೆ ಒಳಗೆ ಲೊಡಲೊಡ ಎನ್ನುತ್ತದೆಂದು ಕಲಿಸಿದವರು ನೀವೇ. ನೀವು ಅಲ್ಲಾಡಿಸಿದ ಒಂದೊಂದು ಕಾಯಿಯೂ ಲೊಡಲೊಡ ಎನ್ನುತ್ತಿತ್ತು. ಒಂದೊಂದನ್ನೂ ಎತ್ತಿದ ಜಾಗದಲ್ಲೇ ಮತ್ತೆ ಇಟ್ಟಿದ್ದೀರಿ. ಅದು ಅಮ್ಮ ತೀರಿಹೋಗುವ ಮುಂಚೆ ತಾನೇ ನಿಂತು ತುಂಬಿಸಿದ ಅಟ್ಟ ಎನ್ನುವುದು ನನಗೆ ಆಗ ಹೊಳೆಯಿತು. ಆ ಶಾಟಿಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಎದ್ದು ಹೋಗುತ್ತೇನೆ, ಮತ್ತೆ ಬಂದು ಅದನ್ನೇ ಹಾಕಿಕೊಳ್ಳುತ್ತೇನೆ.

ಪ್ರೊಡ್ಯೂಸರ್ ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದಾರೆ. ಹುಳಿಯಾರಿನಲ್ಲಿ ಒಂದು ಖಾಲಿ ಗೋದಾಮು ಗೊತ್ತುಮಾಡಿದ್ದೇನೆ. ನಮ್ಮ ಅಟ್ಟ ಬೇಡ. ಮನೆಯಲ್ಲಿ ನಾನು ಬಿಟ್ಟು ಬಂದ ಕ್ಯಾಮೆರಾ ಸ್ಟ್ಯಾಂಡನ್ನು ಬಸ್ಸಿಗೆ ಹಾಕಿಸಿ, ಸಾಕು.

ನಿಮಗೆ ಇಳಿಸಬೇಕು ಅನ್ನಿಸಿದ ದಿನ ಮಾತ್ರ ಹೇಳಿ. ಕ್ಯಾಮೆರಾ ತರುವುದಿಲ್ಲ. ಏಣಿಯ ಕೆಳಗೆ ಒಂದೇ ಕಡೆ ನಿಂತು, ನೀವು ಕೊಟ್ಟ ಕಾಯಿಗಳನ್ನೆಲ್ಲ ಹಿಡಿದುಕೊಳ್ಳುತ್ತೇನೆ.

ಊಟ ಆಯಿತು ಅಪ್ಪಾಜಿ.

ನಿಮ್ಮ
ಭಾನುಪ್ರಿಯಾ