ಟ್ಯಾನರ್ ಅಂದ್ರೆ ಪ್ರಾಣ

ಅಪ್ಪಾ,

ನೀನು ತೀರಿಕೊಂಡಾಗ ಬಿಟ್ಟುಹೋದ, ಆಟಗಾರರ ಚಿತ್ರಗಳಿರುವ ಬೇಸ್‌ಬಾಲ್ ಕಾರ್ಡುಗಳ ಡಬ್ಬಿಯನ್ನು ಮಾರಿಬಿಡೋಣವೆಂದು ಇವತ್ತು ಟೊಲಿಡೊ ಸಂತೆಗೆ ಒಯ್ದಿದ್ದೆ. ಹಳೇ ಕಾರ್ಡು ಮಾರುವ ಮುದುಕ ವೆಂಡೆಲ್ ಡಬ್ಬಿ ತೆರೆದವನೇ ನನ್ನ ಮುಖ ನೋಡಿದ.

"ಗಸ್‌ನ ಮಗಳಲ್ವೇನಮ್ಮಾ? ಮಡಚಿದ್ದು, ಹರಿದದ್ದು, ಅಗ್ಗದ್ದೇ ಹುಡುಕ್ತಿದ್ದ, ಜುಗ್ಗ! 'ನನ್ನ ಮಗಳಿಗೆ ಚೆಂಡೆಸೆಯೋ ಟ್ಯಾನರ್ ಅಂದ್ರೆ ಪ್ರಾಣ ಕಣೋ, ಇದೆಲ್ಲಾ ಅವಳಿಗೇ' ಅಂತಿದ್ದ."

ಟ್ಯಾನರ್ ಯಾರೆಂದೇ ನನಗೆ ಗೊತ್ತಿಲ್ಲಪ್ಪಾ. ನಾವಿಬ್ಬರೂ ಒಂದು ಆಟವನ್ನಾದರೂ ಜೊತೆಯಲ್ಲಿ ನೋಡಿದವರಲ್ಲ. ನಿನಗಿದ್ದದ್ದು ನಾನೊಬ್ಬಳೇ ಮಗಳು. ವೆಂಡೆಲ್‌ಗೆ ಸುಳ್ಳು ಹೇಳಿದೆಯೋ, ನನ್ನ ಯಾವುದೋ ಮಾತನ್ನು ತಪ್ಪು ತಿಳಿದೆಯೋ?

ವೆಂಡೆಲ್ ಮಾಸಿದ ಟ್ಯಾನರ್ ಕಾರ್ಡೊಂದನ್ನು ಚಾಚಿದ. "ನಿಮ್ಮಪ್ಪನಿಗೇಂತ ಎತ್ತಿಟ್ಟಿದ್ದೆ. ನಿನಗಿಷ್ಟ ತಾನೇ?"

"ಹೂಂ, ತುಂಬಾ," ಎಂದೆ.

ಏನನ್ನೂ ಮಾರದೆ ಮನೆಗೆ ಬಂದೆ. ಈಗ ಟ್ಯಾನರ್‌ನ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಇವನಲ್ಲಿ ನನಗೆ ಏನು ಇಷ್ಟವಾಗುತ್ತಿತ್ತು, ಅಪ್ಪಾ?