ಮೊದಲು ಮಗು ಚಾಪೆಯ ಮೇಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಕಿರಿಮಗಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೇ ಆ ಸಾಲನ್ನು ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನಾನು ರೇಗುತ್ತೇನೆ, ನಡುವೆ ಮಗು ಕಿರುಚುತ್ತದೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಕಾಗದವಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ನಿನ್ನ ಕಾಗದ ಗುರುವಾರ ಬಂತು. ಮಗುವಿಗೆ ವರ್ಷ ತುಂಬುವವರೆಗೆ ನಿನ್ನ ಹತ್ತಿರ ಬಿಡಬೇಕು, ಅಕ್ಕನ ಮಕ್ಕಳಿಬ್ಬರೂ ಡಬ್ಬಿ ಹಾಲು ಕುಡಿದೇ ಗುಂಡುಕಲ್ಲಿನ ಹಾಗೆ ಬೆಳೆದಿದ್ದಾರೆ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೀಯ. ಇಷ್ಟು ದೊಡ್ಡ ಮಾತನ್ನು ಇಷ್ಟು ಚಿಕ್ಕ ಕಾಗದದಲ್ಲಿ ನೀನು ಎಂದೂ ಬರೆದವಳಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಪೈಕಿಯೂ ನೀನಲ್ಲ. ಏನೇ ಇರಲಿ, ಮಗುವನ್ನು ನಾನು ಕಳಿಸುವುದಿಲ್ಲ. ಯಾಕೆ ಎಂಬುದನ್ನು ಬರೆಯುತ್ತೇನೆ, ಸಮಾಧಾನದಿಂದ ಓದು.

ನಿನ್ನ ಅಳಿಯ ಬೆಳಕು ಹರಿಯುವ ಮೊದಲೇ ಬೇಕರಿಗೆ ಹೋಗಿ, ಬಿಸಿಲೇರುವ ಹೊತ್ತಿಗೆ ಮನೆಗೆ ಬಂದು ಮಲಗುತ್ತಾರೆ. ಸಕ್ಕರೆ ಕಾಯಿಲೆಯವಳು ಹುಡುಕಿ ಹುಡುಕಿ ಬೇಕರಿಯವನನ್ನೇ ಕಟ್ಟಿಕೊಂಡಳು ಎಂದು ನಮ್ಮ ಕನ್ನಡಕದ ಅಂಗಡಿಯಲ್ಲಿ ಇಂದಿಗೂ ಆಡಿಕೊಳ್ಳುತ್ತಾರೆ. ಈಗ ನಾನು ಹೆರಿಗೆ ರಜೆಯಲ್ಲಿದ್ದೇನೆ, ಆ ಹಾಸ್ಯವೂ ರಜೆಯಲ್ಲಿದೆ. ಹಾಲು ಕೊಡುವಾಗ ನನ್ನ ರಕ್ತದ ಸಕ್ಕರೆ ಇಳಿಯುತ್ತದೆ. ಬಸುರಿಯಾಗಿದ್ದಾಗ ಬೇಕಾಗುತ್ತಿದ್ದಷ್ಟು ಇನ್ಸುಲಿನ್ ಈಗ ಬೇಡ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಒಂದಿಷ್ಟು ತಿಂಡಿ, ಆಮೇಲೆ ಹಾಲು. ಕೈ ನಡುಗಿದರೆ ಮಾತ್ರ ಮೊದಲು ಮಗು ಚಾಪೆಯ ಮೇಲೆ, ಆಮೇಲೆ ನನ್ನ ಬಾಯಿಗೆ ಗ್ಲೂಕೋಸ್. ಮಂಚವೂ ಬೇಡ, ಸೋಫಾನೂ ಬೇಡ. ನೆಲದಿಂದ ಯಾರೂ ಕೆಳಗೆ ಬೀಳುವುದಿಲ್ಲ.

ಹೋದ ವಾರ ನಿನ್ನನ್ನು ಗಾಬರಿಪಡಿಸಿದ ಆ ಮಂಗಳವಾರ ನಡೆದದ್ದು ಇಷ್ಟು. ಮಗು ಹಾಲಿಗಾಗಿ ರಂಪ ಮಾಡುತ್ತಿತ್ತು, ನನ್ನ ಕೈಗೆ ಬಿಡುವಿರಲಿಲ್ಲ. ಆಗ ತಾನೇ ಬೇಕರಿಯಿಂದ ಬಂದ ಇವರು ‘ಇರು, ನಾನೇ ನೋಡ್ತೀನಿ’ ಎಂದು ನನ್ನ ಬೆರಳು ಹಿಡಿದು, ಚುಚ್ಚಿ, ಹಿಂಡಿ, ಹನಿಯನ್ನು ಸಕ್ಕರೆ ಅಳೆಯುವ ಮೆಷಿನ್ನಿನ ಸ್ಟ್ರಿಪ್ಪಿಗೆ ಮುಟ್ಟಿಸಿದರು. ಮೊದಲೆಲ್ಲ ಸೂಜಿ ಕಂಡರೆ ಗೋಡೆಗೆ ಮುಖ ಮಾಡುತ್ತಿದ್ದ ಮನುಷ್ಯ, ಮಗಳು ಹುಟ್ಟಿದ ಮೇಲೆ ಹಟ ಹಿಡಿದು ಕಲಿತರು. ಮೆಷಿನ್ ಮುನ್ನೂರ ಅರವತ್ತು ತೋರಿಸಿತು. ಅಷ್ಟು ಏರಲು ಕಾರಣವಿರಲಿಲ್ಲ. ಬಾಣಂತಿ ಮೈ, ಏನಾದರೂ ಆದೀತು ಎಂದುಕೊಂಡು ಅದಕ್ಕೆ ತಕ್ಕಷ್ಟು ಇನ್ಸುಲಿನ್ ತೆಗೆದುಕೊಂಡೆ. ಸಕ್ಕರೆ ಮೇಲಿದೆಯಲ್ಲ ಎಂದು ಏನೂ ತಿನ್ನಲಿಲ್ಲ. ಇವರು ಹೋಗಿ ಮಲಗಿದರು, ನಾನು ಹಾಲು ಕೊಟ್ಟೆ.

ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು. ಮಗುವನ್ನು ಚಾಪೆಯ ಮೇಲೆ ಮಲಗಿಸಿದ್ದು ನೆನಪಿದೆ. ಗ್ಲೂಕೋಸ್ ಡಬ್ಬಿಯ ಮುಚ್ಚಳ ತೆಗೆಯಲು ಆಗದೆ ಅದನ್ನು ಸುಮ್ಮನೆ ನೋಡುತ್ತಾ ಕೂತದ್ದೂ ನೆನಪಿದೆ. ಉಳಿದದ್ದು ಇವರ ಬಾಯಿಂದ ಕೇಳಿದ್ದು. ಮಗುವಿನ ಅಳುವಿಗೆ ಎದ್ದು ಬಂದಾಗ ನಾನು ಅದರ ಪಕ್ಕದಲ್ಲಿ ಕೂತು, ಎದುರಿನ ಗೋಡೆಗೆ ಬೆರಳು ತೋರಿಸಿ, ‘ಮೇಲಿನ ಸಾಲು ಓದಿ, ಈಗ ಅದರ ಕೆಳಗಿಂದು’ ಎನ್ನುತ್ತಿದ್ದೆನಂತೆ. ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವಾಗ ದಿನವೂ ಹೇಳುವ ಮಾತು, ಅದೊಂದು ಮಾತ್ರ ತಲೆಯಲ್ಲಿ ಉಳಿದಿತ್ತು. ಇವರು ಸಕ್ಕರೆ ನೀರನ್ನು ಚಮಚ ಚಮಚವಾಗಿ ಕುಡಿಸಿದರು. ತಲೆ ತಿಳಿಯಾದಾಗ ಚಮಚ ನನ್ನ ಹಲ್ಲಿಗೆ ಬಡಿಯುತ್ತಿತ್ತು. ಆಮೇಲೆ ಆಸ್ಪತ್ರೆಗೆ ಹೋದೆವು. ಮಗುವಿಗೆ ಏನೂ ಆಗಿಲ್ಲ ಎಂದರು. ಅಲ್ಲಿಂದಲೇ ಇವರು ನಿನಗೆ ಫೋನ್ ಮಾಡಿದ್ದು.

ಇನ್ನು ಮುಂದಿನದು ನಿನಗೊಬ್ಬಳಿಗೇ. ಮಾರನೆಯ ದಿನ ಮೆಷಿನ್ ತೆಗೆದರೆ ಅದರ ತುಂಬ ಇರುವೆ. ಸ್ಟ್ರಿಪ್ ಡಬ್ಬಿಯ ಮುಚ್ಚಳದ ಸುತ್ತ ಬಿಳಿ ಪುಡಿ ಮೆತ್ತಿತ್ತು. ನಾಲಿಗೆಗೆ ಹಚ್ಚಿ ನೋಡಿದೆ, ಸಿಹಿ. ಮಂಗಳವಾರ ಬೇಕರಿಯಲ್ಲಿ ದೊಡ್ಡ ಕೇಕಿನ ಆರ್ಡರ್ ಇತ್ತು, ಇವರು ಪುಡಿ ಸಕ್ಕರೆಯ ಕೈಯಲ್ಲೇ ನನ್ನ ಬೆರಳು ಹಿಡಿದಿದ್ದರು. ಖಾತರಿ ಮಾಡಿಕೊಳ್ಳೋಣ ಎಂದು ಕೈ ತೊಳೆದು ಒಂದು ಸಲ, ಇವರ ಏಪ್ರನ್ನಿಗೆ ಬೆರಳು ಒರೆಸಿ ಇನ್ನೊಂದು ಸಲ ಪರೀಕ್ಷೆ ಮಾಡಿದೆ. ತೊಳೆದ ಬೆರಳಿಗೆ ನೂರ ಹತ್ತು, ಒರೆಸಿದ ಬೆರಳಿಗೆ ಮುನ್ನೂರರ ಮೇಲೆ. ಅಂದು ಮೆಷಿನ್ ಅಳೆದದ್ದು ನನ್ನ ಸಕ್ಕರೆಯನ್ನಲ್ಲ, ಕೇಕಿನದನ್ನು.

ಇವರಿಗೆ ಹೇಳಿಲ್ಲ. ನೀನೂ ಹೇಳಕೂಡದು. ಹೇಳಿದರೆ ಆ ಮನುಷ್ಯ ಜನ್ಮದಲ್ಲಿ ಮತ್ತೆ ನನ್ನ ಬೆರಳು ಮುಟ್ಟುವುದಿಲ್ಲ. ನಾನೇ ಲೆಕ್ಕ ತಪ್ಪಿದೆ ಎಂದಿರಲಿ, ಅಷ್ಟು ಹೊರೆ ಹೊರುವ ಶಕ್ತಿ ನನಗಿದೆ. ಈಗ ಕೈ ತೊಳೆದು ನಾನೇ ನೋಡಿಕೊಳ್ಳುತ್ತೇನೆ. ಲೆಕ್ಕ ಬಾರದವಳು ಮಗುವನ್ನು ಹೇಗೆ ನೋಡಿಕೊಂಡಾಳು ಎಂಬ ಭಯ ನಿನ್ನದಾಗಿದ್ದರೆ, ಅದನ್ನು ಇಲ್ಲಿಗೆ ಬಿಡು.

ಬಿಡಲಾಗದ್ದು ನನ್ನದೊಂದಿದೆ. ಅಂದಿನಿಂದ ಇವರು ಮಗುವನ್ನು ಎತ್ತಿಕೊಂಡಿಲ್ಲ. ಮೊದಲು ಬಂದವರೇ ‘ಎಲ್ಲಿ ನನ್ನ ಬನ್ನು’ ಎಂದು ತೊಟ್ಟಿಲಿಗೆ ಕೈ ಹಾಕುತ್ತಿದ್ದರು. ಈಗ ದೂರ ನಿಂತು ಅದನ್ನೂ ನನ್ನನ್ನೂ ನೋಡಿ ಒಳಗೆ ಹೋಗುತ್ತಾರೆ. ನನ್ನ ಮೇಲಿನ ನಂಬಿಕೆ ಹೋಗಿದೆ, ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ. ನೀನು ಬೈದರೆ ನನಗೆ ತಾಕುವುದಿಲ್ಲ, ಅಭ್ಯಾಸವಾಗಿದೆ. ಇದು ತಾಕಿದೆ. ನಿನ್ನ ಕಾಗದವನ್ನೂ ಇವರಿಗೆ ತೋರಿಸಿಲ್ಲ. ಒಳ್ಳೆಯದೇ ಆಯಿತು, ಕಳಿಸೋಣ ಎಂದುಬಿಟ್ಟರೆ?

ಎಂಟನೇ ತರಗತಿಯಲ್ಲಿ ನನಗೆ ಈ ಕಾಯಿಲೆ ಬಂದಾಗ ದೊಡ್ಡಮ್ಮ ನನ್ನನ್ನು ತನ್ನ ಮನೆಯಲ್ಲಿ ಬಿಡು ಎಂದು ಕೇಳಿದ್ದರು. ಸೂಜಿ ಹಿಡಿಯಲೂ ನಿನಗೆ ಬರುತ್ತಿರಲಿಲ್ಲ. ಆದರೂ ನೀನು ‘ನನ್ನ ಕೂಸು ನನ್ನ ಹತ್ರಾನೇ ಇರ್ಲಿ, ನಾನು ಕಲ್ತ್ಕೋತೀನಿ’ ಎಂದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ನನ್ನ ಉತ್ತರವೂ ಅದೇ.

ಮಗು ಎದ್ದಿತು. ಉಳಿದದ್ದು ಮುಖತಃ.

ಇಂತು,
ನಿನ್ನ ಹಟಮಾರಿ

ವಿ.ಸೂ.: ಅತ್ತೆಯವರಿಗೆ ಅಳಿಯನ ನಮಸ್ಕಾರಗಳು. ಕಾಗದ ಮೇಜಿನ ಮೇಲೆ ಬಿಚ್ಚಿಯೇ ಇತ್ತು, ಓದಿಬಿಟ್ಟೆ. ತಪ್ಪು. ಸಕ್ಕರೆ ಕೈಯ ವಿಷಯ ನನಗೆ ಆವತ್ತೇ ಗೊತ್ತಾಗಿತ್ತು. ಪರೀಕ್ಷೆ ಮಾಡಿದ್ದು ಯಾರು ಎಂದು ಆಸ್ಪತ್ರೆಯ ನರ್ಸ್ ಕೇಳಿದಾಗ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಉಗುರು ನೋಡಿಕೊಂಡೆ, ಸಂದಿಯಲ್ಲೆಲ್ಲ ಪುಡಿ ಸಕ್ಕರೆ. ಇವಳಿಗೆ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೇ ವರಾಂಡಕ್ಕೆ ಹೋಗಿ, ಮಗುವನ್ನು ಕರೆದುಕೊಂಡು ಹೋಗಿಬಿಡಿ ಎಂದು ನಿಮ್ಮನ್ನು ಬೇಡಿಕೊಂಡೆ. ಇವಳಿಗೆ ಹೆದರಿ ಅಲ್ಲ, ನನ್ನ ಕೈಗೇ ಹೆದರಿ. ನಾನು ಕೇಳಿದೆ ಎಂದು ಹೇಳಬೇಡಿ ಎಂದಿದ್ದಕ್ಕೆ, ಅದನ್ನು ನಿಮ್ಮ ಮಾತೆಂದೇ ಬರೆದು ಮಗಳ ಹತ್ತಿರ ಕೆಟ್ಟವರಾದಿರಿ. ಕ್ಷಮಿಸಿ. ಭಾನುವಾರ ಖಂಡಿತ ಬನ್ನಿ, ಕರೆದುಕೊಂಡು ಹೋಗಲು ಬೇಡ, ನಾಲ್ಕು ದಿನ ಇರಲು. ಇದನ್ನು ಇವಳಿಗೆ ತೋರಿಸಿಯೇ ಲಕೋಟೆ ಅಂಟಿಸುತ್ತೇನೆ.

ಅಮ್ಮಾ, ಓದಿದೆ. ನಿನ್ನನ್ನೂ ಇವರನ್ನೂ ಸೇರಿಸಿ ಬೈಯಬೇಕು ಎಂದುಕೊಂಡೆ. ಆದರೆ ಮಗು ಇವರ ಹೆಗಲ ಮೇಲೆ ಈಗ ತಾನೇ ನಿದ್ದೆ ಹೋಗಿದೆ. ಆಮೇಲೆ ಬೈಯುತ್ತೇನೆ.